ರಾತ್ರಿಯಾದರೆ ಬಲಗಿವಿಯಲ್ಲಿ ಜೀರುಂಡೆ: ರೈಲಿನಲ್ಲಿ ಇಯರ್‌ಫೋನ್ ಹಾಕುವವರ ಅನುಭವ ಬೇಕಾಗಿದೆ

ಪ್ರಶ್ನೆ: ಮಂಡ್ಯದಿಂದ

ನನಗೆ 28 ವರ್ಷ. ಮೂರು ವರ್ಷಗಳಿಂದ ಮಂಡ್ಯದಿಂದ ಬೆಂಗಳೂರಿಗೆ ಸೀಸನ್ ಪಾಸ್‌ನಲ್ಲಿ ಓಡಾಡುತ್ತಿದ್ದೇನೆ. ಬೆಳಿಗ್ಗೆ ಸೀಟು ಸಿಕ್ಕ ಕೂಡಲೇ ಕಿವಿಗೆ ಇಯರ್‌ಬಡ್ಸ್ ಸಿಕ್ಕಿಸಿದರೆ ತೆಗೆಯುವುದು ಇಳಿಯುವಾಗಲೇ. ಸಂಜೆಯೂ ಹಾಗೆಯೇ. ಎರಡೂ ಸೇರಿ ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಆರು ದಿನ. ಎರಡು ತಿಂಗಳಿಂದ ದೀಪ ಆರಿಸಿ ಮಲಗಿದರೆ ಬಲಗಿವಿಯಲ್ಲಿ ಜೀರುಂಡೆ ಕೂಗಿದಂತೆ ಒಂದೇ ಸಮನೆ ಸದ್ದು. ಹಗಲು ಗೊತ್ತಾಗುವುದಿಲ್ಲ. ಅಮ್ಮ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಡುತ್ತೇನೆ ಎನ್ನುತ್ತಾರೆ. ಕಚೇರಿಯ ಗೆಳತಿ, ಎಲ್ಲ ಬ್ಲೂಟೂತ್ ವಿಕಿರಣದಿಂದ, ತಂತಿಯಿರುವುದನ್ನು ಹಾಕಿಕೋ ಎನ್ನುತ್ತಾಳೆ. ಇದು ತಾನಾಗಿಯೇ ಹೋಗುತ್ತದೆಯೇ? ಎಲ್ಲಿ ತೋರಿಸಬೇಕು? ಅನುಭವವಿರುವವರು ದಯವಿಟ್ಟು ತಿಳಿಸಿ.

ಮೈಸೂರು ಹೆಬ್ಬಾಳದಿಂದ, ಗ್ರಾಹಕ ಸೇವೆಯ ಕೆಲಸ, 44 ವರ್ಷ

ತಂಗಿ, ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನ್ನದೇ ಕಥೆ ಎನ್ನಿಸಿತು. ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಪೂರ್ತಿ ಓದಿ.

ಹನ್ನೆರಡು ವರ್ಷ ರಾತ್ರಿ ಪಾಳಿಯಲ್ಲಿ ಎಂಟೆಂಟು ಗಂಟೆ ಹೆಡ್‌ಸೆಟ್ ಹಾಕಿ ಕೆಲಸ ಮಾಡಿದೆ. ಅಕ್ಕಪಕ್ಕದಲ್ಲಿ ನಲವತ್ತು ಜನ ಮಾತನಾಡುತ್ತಿದ್ದರೆ ಆ ಗದ್ದಲವನ್ನು ಮೀರಿಸಲು ವಾಲ್ಯೂಮ್ ತಾನಾಗಿಯೇ ಏರುತ್ತಿತ್ತು. ಕಿವಿ ಕೆಟ್ಟಿದೆ ಎಂದು ನನಗೆ ತಿಳಿದದ್ದು ಒಂದು ಥರ್ಮಾಮೀಟರ್‌ನಿಂದ. ಮಗಳಿಗೆ ಜ್ವರ. ಅವಳ ಕಂಕುಳಲ್ಲಿ ಇಟ್ಟು, ಬೀಪ್ ಎನ್ನಲಿ ಎಂದು ಕಾಯುತ್ತ ಕುಳಿತೆ. ಎಷ್ಟು ಹೊತ್ತಾದರೂ ಸದ್ದಿಲ್ಲ. ಬ್ಯಾಟರಿ ಹೋಗಿರಬೇಕು ಎಂದುಕೊಂಡೆ. ಅಡುಗೆಮನೆಯಿಂದ ಹೆಂಡತಿ ಬಂದು, "ಆಗಲೇ ಮೂರು ಸಲ ಕೂಗಿತಲ್ಲ, ತೆಗೆಯಬಾರದೇ?" ಎಂದಳು. ಅಡುಗೆಮನೆಗೆ ಕೇಳಿಸಿದ್ದು ಒಂದು ಗೇಣು ದೂರದಲ್ಲಿದ್ದ ನನಗೆ ಕೇಳಿಸಿರಲಿಲ್ಲ. ಆ ಹೊತ್ತು ಎದೆ ಝಲ್ಲೆಂದಿತು.

ಮರುವಾರ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆ. ಆಟೋದವರಿಗೆ 'ಸ್ಪೀಚ್ ಅಂಡ್ ಹಿಯರಿಂಗ್' ಎಂದರೆ ಸಾಕು, ಕರೆದೊಯ್ಯುತ್ತಾರೆ. 1965ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸಂಸ್ಥೆ. ದೇಶದ ಮೂಲೆ ಮೂಲೆಯಿಂದ ಜನ ಮಕ್ಕಳನ್ನು ಎತ್ತಿಕೊಂಡು ಬರುವ ಜಾಗ ನಮ್ಮ ಊರಿನಲ್ಲೇ ಇದ್ದೂ ನಾನು ಅದರ ಗೇಟು ದಾಟಿರಲಿಲ್ಲ. ಹೊರಗಿನ ಸದ್ದು ಬಾರದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಎಷ್ಟೇ ಸಣ್ಣ ಸದ್ದು ಕೇಳಿಸಿದರೂ ಒತ್ತಬೇಕು. ಮಧ್ಯೆ ಮಧ್ಯೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಗೆಲ್ಲ ಸದ್ದು ಬರುತ್ತಲೇ ಇತ್ತು ಎಂಬುದು ಆಮೇಲೆ ಕಾಗದ ನೋಡಿದಾಗ ತಿಳಿಯಿತು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ ಚಿಹ್ನೆ. ಎರಡೂ ಗೆರೆ ನೆಟ್ಟಗೆ ಸಾಗಿ 4000 ಹರ್ಟ್ಸ್ ಎಂಬ ಕೀಚಲು ಸದ್ದಿನ ಮಟ್ಟ ಬಂದಾಗ ಹೊಂಡಕ್ಕೆ ಬಿದ್ದಂತೆ ಕೆಳಗಿಳಿದಿದ್ದವು. ಜೋರು ಸದ್ದಿಗೆ ಕೆಟ್ಟ ಕಿವಿಯ ಗುರುತೇ ಆ ಹೊಂಡ ಎಂದರು.

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ. ಅದರಲ್ಲಿ ಸುಮಾರು 15 ಸಾವಿರ ರೋಮಕೋಶಗಳು. ನಮ್ಮ ನಾಲೆ ಬಯಲಿನ ಭತ್ತದ ಪೈರು ಗಾಳಿಗೆ ಬಾಗಿ ಏಳುವ ಹಾಗೆ ಅವು ಸದ್ದಿಗೆ ಬಾಗಿ ಏಳುತ್ತವೆ. ದಿನವೂ ದನ ನುಗ್ಗಿದರೆ ಪೈರು ಏಳುವುದಿಲ್ಲ. ಪೈರನ್ನಾದರೂ ಮತ್ತೆ ನಾಟಿ ಮಾಡಬಹುದು, ಈ ಕೋಶಗಳು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಕೀಚಲು ಸದ್ದನ್ನು ಹಿಡಿಯುವ ಕೋಶಗಳು ಸುರುಳಿಯ ಬಾಗಿಲಲ್ಲೇ ಇರುವುದರಿಂದ ಮೊದಲ ಏಟು ಅವಕ್ಕೇ. ಅದಕ್ಕೇ ಥರ್ಮಾಮೀಟರ್ ನನಗೆ ಕೇಳಿಸಲಿಲ್ಲ.

ಈಗ ಲೆಕ್ಕ. ಸದ್ದು ಎಷ್ಟು ಜೋರು ಎಂಬುದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಡೆಸಿಬೆಲ್ ಮೂರು ಏರಿದರೆ ಸಮಯ ಅರ್ಧಕ್ಕಿಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಬರೀ 5. ನೀವು ವಾರಕ್ಕೆ 24 ಗಂಟೆ ಕೇಳುತ್ತೀರಿ. ರೈಲಿನ ಸದ್ದನ್ನು ಮೀರಿಸಲು 89ರಲ್ಲಿ ಇಟ್ಟಿದ್ದರೆ ಇಡೀ ವಾರದ ಪಾಲು ಮಂಗಳವಾರ ಬೆಳಿಗ್ಗೆ ಕೆಂಗೇರಿ ತಲುಪುವ ಮೊದಲೇ ಮುಗಿದಿರುತ್ತದೆ. ಪೂರ್ತಿ ವಾಲ್ಯೂಮ್‌ನಲ್ಲಿ 100 ಡೆಸಿಬೆಲ್ ಮುಟ್ಟುವ ಸಾಧನಗಳು ಬೇಕಾದಷ್ಟಿವೆ. ಎಷ್ಟೋ ಫೋನುಗಳಲ್ಲಿ ಈ ಲೆಕ್ಕ ತೋರಿಸುವ ಸೌಲಭ್ಯ ಸೆಟ್ಟಿಂಗ್ಸ್‌ನ ಒಳಗೆ ಎಲ್ಲೋ ಇರುತ್ತದೆ. ಹುಡುಕಿ ನೋಡಿ.

ಬ್ಲೂಟೂತ್ ವಿಚಾರ: ಇಯರ್‌ಬಡ್ಸ್ ಹೊರಸೂಸುವ ಶಕ್ತಿ ಕರೆ ಮಾಡುವಾಗ ಫೋನು ಹೊರಸೂಸುವುದಕ್ಕಿಂತ ಬಹಳ ಕಡಿಮೆ. ಕಿವಿಯನ್ನು ಕೆಡಿಸುವುದು ಸದ್ದು. ತಂತಿಯಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಗೆಳತಿಯ ಮಾತು ಕೇಳಿ ತಂತಿಯದನ್ನು ಕೊಂಡು ಅದೇ ವಾಲ್ಯೂಮ್ ಇಟ್ಟುಕೊಂಡರೆ ಏನೂ ಪ್ರಯೋಜನವಿಲ್ಲ.

ಕೊನೆಯದಾಗಿ, ನಿಮಗೆ ಸದ್ದು ಒಂದೇ ಕಿವಿಯಲ್ಲಿದೆ. ಹಾಗಿದ್ದಾಗ ಕಿವಿ, ಮೂಗು, ಗಂಟಲಿನ ವೈದ್ಯರೂ ಒಮ್ಮೆ ನೋಡಲೇಬೇಕು. ಬೇರೆ ಕಾರಣಗಳಿವೆಯೇ ಎಂದು ತಿಳಿಯಬೇಕಾಗುತ್ತದೆ.

ಮೈಸೂರು, ಸರಸ್ವತಿಪುರಂನಿಂದ, ನಿವೃತ್ತ ನರ್ಸ್

ಮಗಳೇ, ನಿಮ್ಮ ತಾಯಿಗೆ ನನ್ನ ನಮಸ್ಕಾರ ತಿಳಿಸಿ, ಎಣ್ಣೆ ಮಾತ್ರ ಬಿಡಿಸಿಕೊಳ್ಳಬೇಡಿ. ಕಿವಿತಮಟೆಯಲ್ಲಿ ಸಣ್ಣ ತೂತಿದ್ದರೆ ಎಣ್ಣೆ ನೇರ ನಡುಗಿವಿಗೆ ಇಳಿದು ಕೀವಾಗಬಹುದು. ಹೊರಗಿನಿಂದ ನೋಡಿ ತೂತು ಇದೆಯೋ ಇಲ್ಲವೋ ಹೇಳಲು ನಿಮಗೂ ಆಗದು, ಅಮ್ಮನಿಗೂ ಆಗದು. ಬಿಸಿಯ ಅಂದಾಜು ತಪ್ಪಿ ಕಿವಿ ಸುಟ್ಟುಕೊಂಡು ಬಂದ ಮಗುವಿಗೆ ನಾನೇ ಆರೈಕೆ ಮಾಡಿದ್ದೇನೆ.

ಇನ್ನೊಂದು ಮಾತು. ಗುಗ್ಗೆ ಕೊಳೆಯಲ್ಲ, ಕಿವಿಯನ್ನು ಕಾಯುವ ವಸ್ತು. ಅದು ತಾನಾಗಿ ಹೊರಕ್ಕೆ ಸರಿಯುತ್ತದೆ. ದಿನಕ್ಕೆ ನಾಲ್ಕು ಗಂಟೆ ಬಿರಡೆಯಂತೆ ಇಯರ್‌ಬಡ್ ಕೂರಿಸಿದರೆ ಸರಿಯುವ ದಾರಿ ಮುಚ್ಚುತ್ತದೆ. ಆಮೇಲೆ ಹತ್ತಿಕಡ್ಡಿಯೋ ಹೇರ್‌ಪಿನ್ನೋ ಹಾಕಿ ತಿರುವಿದರೆ ಗುಗ್ಗೆ ಇನ್ನೂ ಒಳಕ್ಕೆ ಹೋಗಿ ಗಟ್ಟಿಯಾಗುತ್ತದೆ. ಗುಗ್ಗೆ ಕಟ್ಟಿದ ಕಿವಿಯಲ್ಲೂ ಸದ್ದು ಬರುತ್ತದೆ. ನಿಮ್ಮದು ಇಷ್ಟೇ ಆಗಿದ್ದರೂ ಆಗಿರಬಹುದು. ಬೆವರು ನಿಂತು ಬೂಷ್ಟು ಬೆಳೆದ ಕಿವಿಗಳನ್ನೂ ನೋಡಿದ್ದೇನೆ. ಇಯರ್‌ಬಡ್ಸ್‌ನ ರಬ್ಬರ್ ತುದಿಯನ್ನು ಬಿಚ್ಚಿ ಆಗಾಗ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಇನ್ನೊಬ್ಬರದನ್ನು ಹಾಕಿಕೊಳ್ಳಬೇಡಿ.

ಮದ್ದೂರಿನಿಂದ, ನಿಮ್ಮಂತೆಯೇ ರೈಲಿನವನು

ನಾನೂ ಆರು ವರ್ಷದಿಂದ ಅದೇ ಹಾದಿಯವನು. ನನಗೆ ಫಲ ಕೊಟ್ಟ ಒಂದೇ ಉಪಾಯ ಹೇಳುತ್ತೇನೆ. ವಾಲ್ಯೂಮ್ ಅನ್ನು ರೈಲಿನಲ್ಲಿ ನಿಗದಿ ಮಾಡಬೇಡಿ, ಮನೆಯಲ್ಲಿ ಮಾಡಿ. ಬೆಳಿಗ್ಗೆ ಮನೆ ಸದ್ದಿಲ್ಲದೆ ಇರುವಾಗ ಹಿತವಾಗಿ ಕೇಳುವಷ್ಟಕ್ಕೆ ಇಟ್ಟು, ವಾಲ್ಯೂಮ್ ಎಷ್ಟನೆಯ ಹಂತದಲ್ಲಿದೆ ಎಂದು ನೋಡಿಕೊಳ್ಳಿ. ರೈಲಿನಲ್ಲಿ ಅದರ ಮೇಲೆ ಒಂದು ಹಂತವೂ ಏರಿಸಬಾರದು. ಕೇಳಿಸದಿದ್ದರೆ ಕೇಳುವುದನ್ನೇ ನಿಲ್ಲಿಸಬೇಕು. ಮೊದಲ ವಾರ ನನಗೆ ಶಿಂಷಾ ಸೇತುವೆ ದಾಟುವಾಗ ಒಂದಕ್ಷರವೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಕಿವಿ ಕೇಳುವುದಕ್ಕೂ ರೈಲಿನಲ್ಲಿ ನಾನು ಕಿವಿಗೆ ಸುರಿಯುತ್ತಿದ್ದುದಕ್ಕೂ ಎಷ್ಟು ಅಂತರವಿತ್ತು ಎಂದು ಆಗ ಅರಿವಾಯಿತು.

ಆಮೇಲೆ ದುಡ್ಡು ಕೂಡಿಸಿ ನಾಯ್ಸ್ ಕ್ಯಾನ್ಸಲಿಂಗ್ ಇರುವುದನ್ನು ಕೊಂಡೆ. ಹೊರಗಿನ ಸದ್ದಿನ ಅಲೆಗೆ ಸರಿಯಾಗಿ ಎದುರಾದ ಅಲೆ ಹುಟ್ಟಿಸಿ ಅದನ್ನು ತಗ್ಗಿಸುವ ತಂತ್ರ ಅದು. ಗಾಲಿಯ ಗುಡುಗುಡು, ಎಂಜಿನ್ನಿನ ಮೊರೆತ ಇಂಥ ಒಂದೇ ಸಮನಾದ ದಪ್ಪ ಸದ್ದಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಪಕ್ಕದವರ ಮಾತು, ವಡೆ ಮಾರುವವರ ಕೂಗಿಗೆ ಅಷ್ಟಾಗಿ ಮಾಡುವುದಿಲ್ಲ. ಸುತ್ತಲಿನ ಸದ್ದು ತಗ್ಗಿದ ಮೇಲೆ ಕಡಿಮೆ ವಾಲ್ಯೂಮ್ ಸಾಕಾಯಿತು. ಆದರೆ ಪ್ಲಾಟ್‌ಫಾರ್ಮ್‌ನಲ್ಲಿ, ಹಳಿಯ ಹತ್ತಿರ ಅದನ್ನು ಹಾಕಿಕೊಂಡು ಓಡಾಡಬೇಡಿ. ಬರುವ ರೈಲಿನ ಸದ್ದೇ ಕೇಳುವುದಿಲ್ಲ. ಈ ಮಾತನ್ನು ನಿಮಗೆ ಕೈಮುಗಿದು ಹೇಳುತ್ತಿದ್ದೇನೆ.

ಪಾಂಡವಪುರ ತಾಲ್ಲೂಕಿನಿಂದ, ಗೃಹಿಣಿ

ನಮ್ಮ ಮಾವನವರು ಮೂವತ್ತು ವರ್ಷ ಆಲೆಮನೆ ನಡೆಸಿದವರು. ಡೀಸೆಲ್ ಎಂಜಿನ್ನಿನ ಪಕ್ಕದಲ್ಲೇ ನಿಂತು ಗಾಣಕ್ಕೆ ಕಬ್ಬು ಕೊಡುತ್ತಿದ್ದರು. ಇಯರ್‌ಫೋನ್ ಎಂದರೆ ಏನೆಂದೇ ಅವರಿಗೆ ತಿಳಿಯದು. ಆದರೂ ನೀವು ಹೇಳುವುದನ್ನು ಓದಿ ಅವರದೇ ನೆನಪಾಯಿತು, ಅವರಿಗೂ ಶುರುವಾದದ್ದು ಹೀಗೆಯೇ, ರಾತ್ರಿಯ ಜೀರುಂಡೆಯಿಂದ.

ಆಮೇಲೆ ಏನಾಯಿತೆಂದರೆ, "ಮಾತು ಕೇಳಿಸುತ್ತದೆ, ಏನು ಹೇಳಿದಿರಿ ಎಂದು ತಿಳಿಯುವುದಿಲ್ಲ" ಎನ್ನತೊಡಗಿದರು. ಸ, ಶ, ತ, ಕ ಇಂಥ ಅಕ್ಷರಗಳು ಅವರಿಗೆ ಉದುರಿಹೋಗುತ್ತಿದ್ದವು. "ಸಾರು ಬಡಿಸಲಾ" ಎಂದರೆ "ಯಾರು ಬಂದರು" ಎಂದು ಬಾಗಿಲ ಕಡೆ ನೋಡುತ್ತಿದ್ದರು. ಮನೆಯವರು ಕಿರುಚಿ ಹೇಳುತ್ತಿದ್ದರು, ಅವರು ಬೈದರೆಂದು ತಿಳಿದು ಊಟ ಬಿಟ್ಟು ಏಳುತ್ತಿದ್ದರು. ಬರಬರುತ್ತ ಜಗಲಿಗೆ ಬಂದವರ ಹತ್ತಿರ ಕೂರುವುದನ್ನೇ ಬಿಟ್ಟರು. ಕಿವುಡನೆಂದು ಊರವರು ಅಂದಾರು ಎಂಬ ಅಂಜಿಕೆಯಿಂದ ಏಳು ವರ್ಷ ಯಂತ್ರ ಹಾಕಿಸಿಕೊಳ್ಳಲಿಲ್ಲ. ಆ ಏಳು ವರ್ಷ ನನಗೆ ಈಗಲೂ ಸಂಕಟ. ಕಿವಿ ಕೇಳದಿರುವುದು ಮರೆಗುಳಿ ಕಾಯಿಲೆಯ ಅಪಾಯವನ್ನೂ ಹೆಚ್ಚಿಸುತ್ತದೆ ಎಂದು ವೈದ್ಯರು ಹೇಳಿದಾಗ, ಮಾವನವರು ಮಾತು ಮರೆಯುತ್ತಿದ್ದುದೆಲ್ಲ ಕಣ್ಣ ಮುಂದೆ ಬಂತು. ಈಗ ಯಂತ್ರವಿದೆ. ಮೊದಲ ತಿಂಗಳು ತಟ್ಟೆ ಇಟ್ಟ ಸದ್ದೂ ಬಡಿದಂತಾಗುತ್ತದೆ ಎಂದು ಕಿತ್ತಿಡುತ್ತಿದ್ದರು. ದಿನಕ್ಕೆ ಒಂದೆರಡು ಗಂಟೆಯಿಂದ ಅಭ್ಯಾಸ ಮಾಡಿಸಿದೆವು. ನೀವು ಚಿಕ್ಕವರು, ತಡ ಮಾಡಬೇಡಿ.

ಮಂಡ್ಯದಿಂದ, ಔಷಧಿ ಅಂಗಡಿ ಕೆಲಸ

ಈ ಅಕ್ಕನಿಗೆ ಅನ್ವಯಿಸದಿರಬಹುದು, ಬೇರೆಯವರು ಓದುತ್ತಾರೆಂದು ಬರೆಯುತ್ತಿದ್ದೇನೆ. ಬೆಳಿಗ್ಗೆ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾಗಿದ್ದರೆ ಅದು ಗುಗ್ಗೆಯೆಂದೋ ಶೀತವೆಂದೋ ಕಾಯಬಾರದು. ಅದು ತುರ್ತು. ಕಿವಿಯ ವೈದ್ಯರು ಆದಷ್ಟು ಬೇಗ ಸ್ಟಿರಾಯ್ಡ್ ಶುರು ಮಾಡಿದರೆ ಮರಳಿ ಬರುವ ಸಾಧ್ಯತೆ ಹೆಚ್ಚು, ಎರಡು ವಾರ ದಾಟಿದರೆ ಕಡಿಮೆ. ನನ್ನ ಅಣ್ಣ ಅಂಗಡಿಯ ಕಿವಿಹನಿ ಹಾಕಿಕೊಂಡು ಮೂರು ವಾರ ಕಳೆದ. ಅವನ ಎಡಗಿವಿ ಹೋಯಿತು. ಆ ಹನಿ ಕೊಟ್ಟವನು ನಾನೇ.

ಮೈಸೂರು, ಶಾಲಾ ಶಿಕ್ಷಕಿ

ಮಕ್ಕಳಿಗೆ ಮಿತಿ ಇನ್ನೂ ಕಡಿಮೆ, 75 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ವಾಲ್ಯೂಮ್ ಮಿತಿ ಇರುವ ಹೆಡ್‌ಫೋನ್‌ಗಳು ಸಿಗುತ್ತವೆ. ತರಗತಿಯಲ್ಲಿ ಹಿಂದಿನ ಬೆಂಚಿನ ಮಗು ಪದೇ ಪದೇ ಉಕ್ತಲೇಖನ ತಪ್ಪು ಬರೆಯುತ್ತಿದ್ದರೆ ಬೈಯುವ ಮೊದಲು ಕಿವಿ ಪರೀಕ್ಷೆ ಮಾಡಿಸಿ ಎಂದು ಪೋಷಕರಿಗೆ ಹೇಳುತ್ತೇನೆ.

ಪ್ರಶ್ನೆ ಕೇಳಿದವಳು, ಮೂರು ವಾರದ ಬಳಿಕ

ಎಲ್ಲರಿಗೂ ಕೃತಜ್ಞತೆಗಳು. ರಜೆ ಹಾಕಿ ಮೈಸೂರಿಗೆ ಹೋಗಿ ಬಂದೆ. ಬಲಗಿವಿಯಲ್ಲಿ ಗಟ್ಟಿಯಾದ ಗುಗ್ಗೆ ಇತ್ತು, ತೆಗೆದರು. ನರ್ಸ್ ಅಮ್ಮ ಹೇಳಿದ್ದು ಅರ್ಧ ನಿಜವಾಯಿತು. ಪರೀಕ್ಷೆಯಲ್ಲಿ ಎಡಗಿವಿ ಸರಿಯಾಗಿದೆ. ಬಲಗಿವಿಯ ಕೆಂಪು ಗೆರೆ 6000 ಹರ್ಟ್ಸ್ ಹತ್ತಿರ ಸ್ವಲ್ಪ ಬಾಗಿದೆ. ಬಲಗಿವಿಯೇ ಏಕೆ ಎಂದು ಕೇಳಿದರು. ಯೋಚಿಸಿದರೆ, ಚಾರ್ಜ್ ಉಳಿಯಲಿ, ಎಡಪಕ್ಕದ ಗೆಳತಿಯ ಮಾತೂ ಕೇಳಲಿ ಎಂದು ಮೂರು ವರ್ಷವೂ ಬಹುತೇಕ ಬಲಗಿವಿಗೊಂದೇ ಹಾಕಿದ್ದೇನೆ. ಒಂದೇ ಕಿವಿಯಲ್ಲಿ ಕೇಳುವಾಗ ವಾಲ್ಯೂಮ್ ಇನ್ನೂ ಏರಿಸುತ್ತೇವಂತೆ. ವೈದ್ಯರು ನೋಡಿ ಬೇರೆ ತೊಂದರೆ ಇಲ್ಲವೆಂದರು, ಆರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಲು ಹೇಳಿದ್ದಾರೆ.

ಮದ್ದೂರಿನ ಅಣ್ಣ ಹೇಳಿದಂತೆ ಮನೆಯಲ್ಲೇ ವಾಲ್ಯೂಮ್ ಗೊತ್ತು ಮಾಡಿಕೊಂಡೆ. ಹಿಂದೆ ಹದಿಮೂರನೆಯ ಹಂತದಲ್ಲಿ ಇಡುತ್ತಿದ್ದೆ, ಈಗ ಆರು. ಹೋಗುವಾಗ ಮಾತ್ರ ಕೇಳುತ್ತೇನೆ, ಬರುವಾಗ ಕಿವಿಗೆ ಬಿಡುವು. ಜೀರುಂಡೆ ತಗ್ಗಿದೆ, ನಿಂತಿಲ್ಲ. ಮನೆ ಪೂರ್ತಿ ನಿಶ್ಶಬ್ದವಾದಾಗ ಅದನ್ನೇ ಕೇಳುತ್ತ ಎಚ್ಚರವಾಗಿರುತ್ತೇನೆ. ಇದಕ್ಕೆ ಯಾರಾದರೂ ಏನಾದರೂ ಕಂಡುಕೊಂಡಿದ್ದೀರಾ?

ಮತ್ತೆ ಹೆಬ್ಬಾಳದಿಂದ

ತಂಗಿ, ಬಹಳ ಸಮಾಧಾನವಾಯಿತು. ಕಿವಿಯಿಂದ ಬರಬೇಕಾದ ಸದ್ದು ಕಡಿಮೆಯಾದಾಗ ಮಿದುಳು ತನ್ನ ಕಡೆಯಿಂದ ಗ್ರಹಿಕೆಯನ್ನು ಏರಿಸಿಕೊಳ್ಳುತ್ತದೆ, ಅದೇ ನಮಗೆ ಜೀರುಂಡೆಯಾಗಿ ಕೇಳುತ್ತದೆ ಎಂದು ನನಗೆ ವಿವರಿಸಿದ್ದರು. ಕೋಣೆ ನಿಶ್ಶಬ್ದವಾದಷ್ಟೂ ಅದು ಎದ್ದು ಕಾಣುತ್ತದೆ. ನಾನು ಚಳಿಗಾಲದಲ್ಲೂ ಫ್ಯಾನ್ ಅನ್ನು ಗೋಡೆಯ ಕಡೆ ತಿರುಗಿಸಿ ಹಾಕಿ ಮಲಗುತ್ತೇನೆ. ನೀವು ಫೋನಿನಲ್ಲಿ ಮಳೆಯ ಸದ್ದು ಹಾಕಿಯೂ ನೋಡಬಹುದು, ಇಯರ್‌ಫೋನ್ ಇಲ್ಲದೆ. ಫೋನನ್ನು ದಿಂಬಿನ ಪಕ್ಕ ಇಡಬೇಡಿ, ಕೋಣೆಯ ಆಚೆ ಮೂಲೆಯಲ್ಲಿಡಿ. ಜೀರುಂಡೆಯನ್ನು ಪೂರ್ತಿ ಮುಚ್ಚುವಷ್ಟು ಜೋರು ಬೇಡ, ಅದು ಇನ್ನೂ ತುಸು ಕೇಳುತ್ತಿರಬೇಕು. ಹಾಗೆ ಇಟ್ಟರೆ ಮಿದುಳು ಅದಕ್ಕೆ ಹೊಂದಿಕೊಳ್ಳುತ್ತದೆ. ನನಗೆ ಐದು ತಿಂಗಳು ಹಿಡಿಯಿತು.