ಬೆತ್ತದ ಕುರ್ಚಿಯ ವಿಮಾನ: ಮನೆಯವರ ಗುಂಪಿನಲ್ಲಿ ನಡೆದ ವಾದ

ಮಾವ: (ಫಾರ್ವರ್ಡ್ ಆದ ಫೋಟೊ: ಫಾರ್ಮನ್ ಗೋಲಿಯತ್ ವಿಮಾನದ ಒಳಗೆ, 1920ರ ದಶಕ) ನೋಡಿ, ಆಗಿನವರು ಹೇಗೆ ಹಾರ್ತಿದ್ರು ಅಂತ. ಒಬ್ಬೊಬ್ಬರಿಗೂ ಬೆತ್ತದ ಕುರ್ಚಿ, ಪಕ್ಕದಲ್ಲೇ ಕಿಟಕಿ. ಈಗ ದುಡ್ಡೂ ಕೊಟ್ಟು ಮಂಡಿ ಒತ್ತಿಸಿಕೊಂಡು ಕೂರಬೇಕು.

ಚಿಕ್ಕಮ್ಮ: ನಿಜ ಭಾವ. ಹೋದ ಸಲ ಇವರ ಕಾಲು ಎರಡು ದಿನ ಊದಿಕೊಂಡಿತ್ತು.

ಪುಟ್ಟಿ: ಮಾವ, ಆ ಬೆತ್ತ ಸುಖಕ್ಕೆ ಹಾಕಿದ್ದಲ್ಲ, ತೂಕ ಉಳಿಸೋಕೆ. ಗೋಲಿಯತ್ ಬಾಂಬ್ ಹಾಕೋಕೆ ಅಂತ ಹುಟ್ಟಿದ ವಿಮಾನ. ಮೊದಲ ಮಹಾಯುದ್ಧ ಮುಗೀತು, 1919ರಲ್ಲಿ ಅದರೊಳಗೆ ಹನ್ನೆರಡು ಜನ ಕೂರೋ ಹಾಗೆ ಮಾಡಿದ್ರು. ಮೂತಿಯ ಕಡೆ ಗಾಜಿನ ಕಿಟಕಿಯ ಹಿಂದೆ ಕೆಲವರು, ಹಿಂದಿನ ಕೋಣೆಯಲ್ಲಿ ಉಳಿದವರು. ನಡುವೆ ಪೈಲಟ್, ಮೇಲೆ ಸೂರೇ ಇಲ್ಲದ ಜಾಗದಲ್ಲಿ, ಗಾಳಿಗೆ ಮುಖ ಕೊಟ್ಟು!

ಅಣ್ಣ: ಅಮೆರಿಕದ ಫೋರ್ಡ್ ಟ್ರೈಮೋಟರ್ ವಿಮಾನದಲ್ಲೂ ಮೊದಮೊದಲು ಬೆತ್ತದ್ದೇ. ಮೂರು ಎಂಜಿನ್ ಸದ್ದಿಗೆ ಕಿವಿಗಿಟ್ಟುಕೊಳ್ಳೋಕೆ ಹತ್ತಿ ಕೊಡ್ತಿದ್ರು. ಅದು ಯಾವ ಸೀಮೆ ಸುಖ?

ಮಾವ: ಸದ್ದು ಬೇರೆ, ಕೂರೋದು ಬೇರೆ. ನಾನು ಹೇಳ್ತಿರೋದು ಕೂರೋದರ ಬಗ್ಗೆ.

ಪುಟ್ಟಿ: ಕೂರೋದನ್ನೇ ತಗೊಳ್ಳಿ. ವಿಮಾನ ನೆಲಕ್ಕೆ ಬಡಿದರೆ ಬೆತ್ತ ಏನು ತಡೆಯುತ್ತೆ? ಅದೇ 1919ರ ಜರ್ಮನಿಯ ಯುಂಕರ್ಸ್ ಎಫ್ 13ರಲ್ಲಿ ಪ್ರಯಾಣಿಕರಿಗೆ ನಾಲ್ಕೇ ಸೀಟು, ನಾಲ್ಕಕ್ಕೂ ಬೆಲ್ಟ್. ಆ ಕಾಲಕ್ಕೆ ಅಷ್ಟು ಯೋಚಿಸಿದ್ದು ದೊಡ್ಡದು. ಈಗಂತೂ ಡಮ್ಮಿ ಗೊಂಬೆ ಕೂರಿಸಿ ಸೀಟನ್ನ 16 ಜಿ, ಅಂದ್ರೆ ಭೂಮಿಯ ಸೆಳೆತದ ಹದಿನಾರು ಪಟ್ಟು ಹೊಡೆತಕ್ಕೆ ಒಡ್ಡಿ ನೋಡ್ತಾರೆ. ಹೊಸ ವಿನ್ಯಾಸಗಳಿಗೆ ಅಮೆರಿಕದಲ್ಲಿ 1988ರಲ್ಲೇ ಆ ನಿಯಮ ಬಂತು. ನೀವು ಬೈಯೋ ಸೀಟು ಜೀವ ಉಳಿಸೋ ಸೀಟು ಮಾವ.

ಮಾವ: ಗಟ್ಟಿ ಇಲ್ಲ ಅಂತ ನಾನೆಲ್ಲಿ ಅಂದೆ? ಜಾಗ ಕೇಳಿದೆ.

ಪುಟ್ಟಿ: ಜಾಗದ ಮಾತು ಒಪ್ತೀನಿ. 1930ರ ದಶಕದ ಅಮೆರಿಕದ ಡಿಸಿ-3 ವಿಮಾನ ನೋಡಿ. ರಾತ್ರಿ ಮಲಗಿಕೊಂಡು ಹೋಗಲಿ ಅಂತ ಅಮೆರಿಕನ್ ಏರ್‌ಲೈನ್ಸ್ ಮಾಡಿಸಿದ್ದು, 14 ಬರ್ತ್. ಅದೇ ವಿಮಾನದಲ್ಲಿ ಬರ್ತ್ ಬದಲು 21 ಸೀಟು ಕೂತವು. ಟಪಾಲು ಸಾಗಿಸೋದಕ್ಕೆ ಸರ್ಕಾರ ಕೊಡೋ ಹಣ ನೆಚ್ಚಿಕೊಳ್ಳದೆ ಬರೀ ಪ್ರಯಾಣಿಕರಿಂದಲೇ ಲಾಭ ಬರೋಕೆ ಶುರುವಾಗಿದ್ದು ಆಗ. ಸಾಲು ಹೆಚ್ಚಿಸೋ ಲೆಕ್ಕ ಅವತ್ತಿನದೇ.

ಚಿಕ್ಕಮ್ಮ: ಸೀಟು ಹೆಚ್ಚಿದ್ದಕ್ಕೇ ಅಲ್ವಾ ಟಿಕೆಟ್ ನಮ್ಮಂಥವರ ಕೈಗೆಟುಕಿದ್ದು?

ಮಾವ: ಎಟುಕಲಿ, ಬೇಡ ಅಂದೋರ್ಯಾರು. ಹೊಡೆತಕ್ಕೆ ನಿಯಮ ಇದೆ, ಮಂಡಿಗ್ಯಾಕಿಲ್ಲ? ಸಾಲಿಗೂ ಸಾಲಿಗೂ ನಡುವೆ ಇಷ್ಟು ಇಂಚು ಅಂತ ಬರೀಲಿ.

ಪುಟ್ಟಿ: 2018ರಲ್ಲಿ ಅಮೆರಿಕದ ಸಂಸತ್ತು ಅದನ್ನೇ ಕಾನೂನು ಮಾಡಿ, ಒಂದು ವರ್ಷದೊಳಗೆ ಅಳತೆ ಗೊತ್ತುಮಾಡಿ ಅಂತ ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಗೆ ಹೇಳಿತ್ತು. ಗಡುವು ದಾಟಿತು, ಅಳತೆ ಬರಲಿಲ್ಲ. ಇದರಲ್ಲಿ ನಾನು ನಿಮ್ಮ ಕಡೆ.