ಸಹಾಯ ಬೇಕು: ಮೊದಲು ಪ್ರೊಸೆಸರ್ ಬದಲಿಸಲೇ, ಗ್ರಾಫಿಕ್ಸ್ ಕಾರ್ಡ್ ಬದಲಿಸಲೇ?

ಎಲ್ಲರಿಗೂ ನಮಸ್ಕಾರ. ಆರು ವರ್ಷಗಳಿಂದ ಒಂದೇ ಕಂಪ್ಯೂಟರಿನಲ್ಲಿ ಗೇಮ್ ಆಡುತ್ತಿದ್ದೇನೆ. ಕೈಯಾರೆ ಜೋಡಿಸಿದ ಯಂತ್ರ, ಪೂರ್ತಿ ಬಿಟ್ಟುಕೊಡಲು ಮನಸ್ಸು ಬರುತ್ತಿಲ್ಲ. ರೈಜೆನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ಡಿಡಿಆರ್4 ರ್‍ಯಾಮ್, 6 ಜಿಬಿಯ ಜಿಟಿಎಕ್ಸ್ 1060, 500 ವ್ಯಾಟ್ ಪವರ್ ಸಪ್ಲೈ. ಮಾನಿಟರ್ 1080ಪಿ, 144 ಹರ್ಟ್ಸ್.

ಹಲವರು ಸೇರಿ ಆಡುವ ಗೇಮ್‌ಗಳಲ್ಲಿ ಆಟಗಾರರು ಒಂದೆಡೆ ಮುಗಿಬಿದ್ದ ಕೂಡಲೇ ಫ್ರೇಮ್ ದರ (ಸೆಕೆಂಡಿಗೆ ತೆರೆಯ ಮೇಲೆ ಮೂಡುವ ಚಿತ್ರಗಳ ಸಂಖ್ಯೆ) ಕುಸಿಯುತ್ತದೆ. ಆಗ ನೋಡಿದರೆ ಕಾರ್ಡಿನ ಬಳಕೆ ಶೇ. 60ರ ಆಸುಪಾಸು. ಚಿತ್ರದ ಗುಣಮಟ್ಟ ತಗ್ಗಿಸಿದರೂ ಏನೂ ಬದಲಾಗುವುದಿಲ್ಲ. ಹಾಗಾಗಿ ಅಡ್ಡಿ ಪ್ರೊಸೆಸರಿನದೇ ಎಂಬುದು ನನ್ನ ಲೆಕ್ಕ. ಆದರೆ ಒಬ್ಬರೇ ಆಡುವ ಹೊಸ ಗೇಮ್‌ಗಳಲ್ಲಿ ಇದಕ್ಕೆ ತದ್ವಿರುದ್ಧ: ಕಾರ್ಡ್ ಶೇ. 99ಕ್ಕೆ ಏರುತ್ತದೆ, ಅದರ ಮೆಮೊರಿಯೂ ತುಂಬಿಬಿಡುತ್ತದೆ.

ಬಯೋಸ್ (ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿದರೆ ಇದೇ ಬೋರ್ಡಿನಲ್ಲಿ ರೈಜೆನ್ 5 5600 ಕೂರುತ್ತದೆ, ರೈಜೆನ್ 7 5700ಎಕ್ಸ್3ಡಿ ಕೂಡ. ಮೊದಲನೆಯದರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) 32 ಎಂಬಿ, ಎರಡನೆಯದರಲ್ಲಿ 96. ನನ್ನಂತಹ ಬಳಕೆಗೆ ಆ ದೊಡ್ಡ ಕ್ಯಾಶ್ ನಿಜಕ್ಕೂ ನೆರವಾಗುತ್ತದೆಯೇ, ಅಥವಾ 5600 ಕೊಂಡು ಉಳಿದ ಹಣವನ್ನು ಕಾರ್ಡಿಗೆ ಹಾಕುವುದು ಲೇಸೇ?

ಕಾರ್ಡಿನ ವಿಷಯದಲ್ಲಂತೂ ಮನಸ್ಸು ತೂಗುಯ್ಯಾಲೆಯಾಗಿದೆ. ಆರ್‌ಟಿಎಕ್ಸ್ 4060 ವೇಗವಾಗಿದೆ, 115 ವ್ಯಾಟ್ ಸಾಕು. ಆದರೆ ಅದು ಎಂಟೇ ಪಿಸಿಐಇ ಲೇನ್ (ಕಾರ್ಡಿಗೂ ಬೋರ್ಡಿಗೂ ನಡುವೆ ಡೇಟಾ ಸಾಗುವ ಹಾದಿ) ಬಳಸುತ್ತದೆ, ನನ್ನ ಬೋರ್ಡಿನದು ಹಳೆಯ 3.0 ಪೀಳಿಗೆ. ಮೆಮೊರಿಯೂ 8 ಜಿಬಿ ಮಾತ್ರ. 12 ಜಿಬಿಯ ಆರ್‌ಟಿಎಕ್ಸ್ 3060ಗೆ 16 ಲೇನ್ ಇವೆ, ವಿದ್ಯುತ್ತು 170 ವ್ಯಾಟ್. ಆರು ವರ್ಷ ಹಳೆಯ ಪವರ್ ಸಪ್ಲೈ ಮೇಲೆ ಅಷ್ಟು ಭಾರ ಹೊರಿಸಬಹುದೇ, ಮೊದಲು ಅದನ್ನೇ ಬದಲಿಸಬೇಕೇ?

ಬಿ450 ಬೋರ್ಡಿನಲ್ಲಿ ಇವನ್ನು ಸ್ವತಃ ಬಳಸಿದವರು ದಯವಿಟ್ಟು ಅನುಭವ ತಿಳಿಸಿ. ಬೇಕಾದ ಪರೀಕ್ಷೆ ಯಾವುದೇ ಇರಲಿ, ಮಾಡಿ ಅಂಕಿ ಅಂಶ ಹಾಕುತ್ತೇನೆ.