‘ವೈಫೈ ಬರ್ತಿಲ್ಲ’ ಅಂದರೆ ಯಾವುದು ಬರ್ತಿಲ್ಲ? ರೂಟರ್ ಆರಿಸುವಾಗ ಬೇಕಾಗುವ ಪದಗಳು

ಗೆಳೆಯರೇ, ನಮಸ್ಕಾರ.

ಹೋದ ವಾರ ಅಕ್ಕನಿಗೆ ಮನೆಗೊಂದು ರೂಟರ್ ಆರಿಸಿಕೊಡಲು ಫೋನಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದೆ. ಅಕ್ಕ ತುಂಬಾ ಚುರುಕು. ಆದರೂ ಅರ್ಧ ಹೊತ್ತು ಅವಳು ಹೇಳುತ್ತಿದ್ದದ್ದೇ ಒಂದು, ನಾನು ತಿಳಿದುಕೊಂಡದ್ದೇ ಇನ್ನೊಂದು. ತೊಡಕು ಇದ್ದದ್ದು ಪದಗಳಲ್ಲಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಎರಡು ಪದ ನನಗೆ ಬೇಕಾಗಿವೆ, ಕೊನೆಯಲ್ಲಿ ಕೇಳುತ್ತೇನೆ.

ಮಾತು ಶುರುವಾದದ್ದು ಹೀಗೆ: “ವೈಫೈ ಬರ್ತಿಲ್ಲ ಕಣೋ, ಹೊಸದು ತಗೋಬೇಕು.” ಫೋನಿನ ಮೇಲ್ತುದಿಯಲ್ಲಿ ಬೀಸಣಿಗೆಯಂಥ ಗುರುತು ಇದೆಯಾ ಅಂತ ಕೇಳಿದೆ. “ಅದು ಫುಲ್ ಇದೆ. ಆದ್ರೆ ಏನೂ ಓಪನ್ ಆಗ್ತಿಲ್ಲ.” ಅಂದರೆ ವೈಫೈ ಚೆನ್ನಾಗಿಯೇ ಇತ್ತು. ರೂಟರಿನಿಂದ ಆಚೆಗೆ, ಹೊರಗಿನಿಂದ ಬರುವ ಲೈನಿನಲ್ಲಿ ಏನೋ ಕೆಟ್ಟಿತ್ತು. ಹೊಸ ರೂಟರ್ ತಂದರೂ ಅದು ಸರಿಹೋಗುತ್ತಿರಲಿಲ್ಲ. ಮಾರನೇ ದಿನ ಲೈನ್ ಸರಿಯಾಯಿತು. ಸಂಜೆ ಒಳಗಿನ ಕೋಣೆಯಿಂದ ಮತ್ತೆ ಫೋನ್: “ಇಲ್ಲಿ ವೈಫೈ ಬರ್ತಿಲ್ಲ.” ಈ ಸಲ ಗುರುತಿನಲ್ಲಿ ಒಂದೇ ಗೀಟು. ಅದೇ ವಾಕ್ಯ, ಆದರೆ ತೊಂದರೆ ಪೂರ್ತಿ ಬೇರೆ. ಇದಕ್ಕೆ ಮಾತ್ರ ರೂಟರ್ ಬದಲಿಸುವುದೋ, ಜಾಗ ಬದಲಿಸುವುದೋ ಮದ್ದು.

ಯೋಚಿಸಿದರೆ ಈ ವ್ಯತ್ಯಾಸ ನಮ್ಮ ಕ್ರಿಯಾಪದಗಳಲ್ಲಿ ಆಗಲೇ ಇದೆ. ನೀರು ಬಂತು, ಕರೆಂಟ್ ಬಂತು, ನೆಟ್ ಬಂತು ಅನ್ನುತ್ತೇವೆ. ಹೊರಗಿನಿಂದ ಮನೆಗೆ ಹರಿದು ಬರುವುದಕ್ಕೆಲ್ಲ ‘ಬರು’. ನಾವು ಎಲ್ಲಿ ನಿಂತಿದ್ದೇವೆ ಅನ್ನುವುದರ ಮೇಲೆ ನಿಂತಿದ್ದಕ್ಕೆ ‘ಸಿಗು’: ಇಲ್ಲಿ ಸಿಗ್ನಲ್ ಸಿಗ್ತಿದೆ, ಅಲ್ಲಿ ಸಿಗ್ತಿಲ್ಲ. ಹಾಗಾಗಿ ‘ನೆಟ್ ಬರುವುದು’, ‘ವೈಫೈ ಸಿಗುವುದು’ ಅಂತ ಬೇರೆ ಬೇರೆ ಹೇಳಿದರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ. ಅಕ್ಕನಿಗೆ ಇದನ್ನು ಒಂದೇ ಸಲ ಹೇಳಿದೆ. ಈಗ ಅವಳೇ “ನೆಟ್ ಬರ್ತಿದೆ, ರೂಮಲ್ಲಿ ವೈಫೈ ಸಿಗ್ತಿಲ್ಲ” ಅನ್ನುತ್ತಾಳೆ. ಕೇಳಿ ನನಗೆ ಎಷ್ಟು ಖುಷಿಯಾಯಿತೋ!

ಇನ್ನು ಡಬ್ಬಿಯ ಹೆಸರು. ಕೆಲವರು ಮೋಡೆಮ್ ಅನ್ನುತ್ತಾರೆ, ಕೆಲವರು ರೂಟರ್, ಸುಮಾರು ಜನ ಸುಮ್ನೆ ‘ವೈಫೈ’ ಅನ್ನುತ್ತಾರೆ. ಮೋಡೆಮ್ ಅನ್ನುವುದು ಮಾಡ್ಯುಲೇಟರ್, ಡಿಮಾಡ್ಯುಲೇಟರ್ ಎರಡನ್ನೂ ಕತ್ತರಿಸಿ ಜೋಡಿಸಿದ ಪದ. ಲೈನಿನಲ್ಲಿ ಬರುವ ಸಂಕೇತವನ್ನು ಬಿಡಿಸಿಕೊಡುವುದು ಅದರ ಕೆಲಸ. ಬಂದ ನೆಟ್ಟನ್ನು ಮನೆಯ ಯಾವ ಫೋನಿಗೆ, ಯಾವ ಕಂಪ್ಯೂಟರಿಗೆ ಅಂತ ದಾರಿ ತೋರಿಸಿ ಕಳಿಸುವುದು ರೂಟರ್. ಎರಡೂ ಒಂದೇ ಡಬ್ಬಿಯಲ್ಲಿ ಇರುವುದುಂಟು. ಅದಕ್ಕೇ ಹೆಸರು ಕಲಸಿಹೋಗಿದೆ. ಆದರೆ ಕೊಳ್ಳುವಾಗ ಗೊತ್ತಿರಲೇಬೇಕು. ಬರೀ ರೂಟರ್ ತಂದು ಲೈನಿನ ವಯರ್ ಅದಕ್ಕೆ ಕೂರದೆ ಹೋದರೆ ಕಷ್ಟ ಅಲ್ವಾ?

ರೂಟರೋ ರೌಟರೋ? ಇಂಗ್ಲಿಷಿನಲ್ಲಿ ಎರಡೂ ಇದೆ, ಬ್ರಿಟಿಷರು ರೂಟರ್, ಅಮೆರಿಕದವರು ರೌಟರ್. ನನ್ನ ಒಲವು ರೂಟರ್ ಕಡೆಗೆ. ‘ಯಾವ ರೂಟಲ್ಲಿ ಬಂದ್ರಿ?’, ‘ಈ ಬಸ್ ರೂಟ್ ಬೇರೆ’ ಅಂತ ನಾವು ದಿನಾ ಆಡುತ್ತೇವೆ. ಹಾಗಾಗಿ ರೂಟರ್ ಅಂದ ಕೂಡಲೇ ದಾರಿಗೆ ಸಂಬಂಧಪಟ್ಟದ್ದು ಅಂತ ಕನ್ನಡದ ಕಿವಿಗೆ ಹೊಳೆಯುತ್ತದೆ. ರೌಟರ್ ಅಂದರೆ ಏನೂ ಹೊಳೆಯುವುದಿಲ್ಲ. ವೈಫೈ ಪದವನ್ನಂತೂ ಕನ್ನಡಿಸುವ ಗೋಜಿಗೆ ಹೋಗಬಾರದು. ಹೈಫೈ ಅನ್ನುವುದಕ್ಕೆ ಪ್ರಾಸ ಕೂಡುವಂತೆ 1999ರಲ್ಲಿ ಕಟ್ಟಿದ ಹೆಸರು ಅದು, ಬಿಡಿಸಿದರೆ ಒಳಗೆ ಅರ್ಥ ಇಲ್ಲ. ‘ನಿಸ್ತಂತು’ ಇದೆಯಲ್ಲ ಅನ್ನಬಹುದು. ಅದು ವೈರ್‌ಲೆಸ್ ಅನ್ನುವುದಕ್ಕೆ ಸರಿ. ನಿಸ್ತಂತು ಆದದ್ದೆಲ್ಲ ವೈಫೈ ಅಲ್ಲ, ಬ್ಲೂಟೂತ್ ಕೂಡ ನಿಸ್ತಂತುವೇ.

ಅಕ್ಕ ಮುಂದೆ ಕೇಳಿದ ಪ್ರಶ್ನೆ: “ಇದು ಫೈವ್‌ಜಿ ರೂಟರಾ?” ನನಗೆ ಉತ್ತರ ಕೊಡಲು ಹತ್ತು ನಿಮಿಷ ಬೇಕಾಯಿತು. ಇಲ್ಲಿ ಮೂರು ಐದುಗಳಿವೆ. ಮೊಬೈಲಿನ ಫೈವ್‌ಜಿ ಅಂದರೆ ಐದನೇ ತಲೆಮಾರು. ವೈಫೈ ಹೆಸರಿನ ಬಾಲದಲ್ಲಿ ಕಾಣುವ ಫೈವ್‌ಜಿ ಅಂದರೆ 5 ಗಿಗಾಹರ್ಟ್ಸ್, ಅಲೆಯ ಕಂಪನದ ಲೆಕ್ಕ. ಇನ್ನು ವೈಫೈ 5 ಅಂದರೆ ವೈಫೈ ಪದ್ಧತಿಯ ಐದನೇ ಆವೃತ್ತಿ. ಮೊದಲು ಇವಕ್ಕೆ 802.11 ಎನ್, ಎಸಿ, ಎಎಕ್ಸ್ ಅಂತ ಹೆಸರಿತ್ತು. ಜನರಿಗೆ ಸುಲಭ ಆಗಲಿ ಅಂತ 2018ರಲ್ಲಿ ವೈಫೈ 4, 5, 6 ಅಂತ ಕರೆಯಲು ಶುರು ಮಾಡಿದರು. ಒಳ್ಳೆಯ ಕೆಲಸವೇ. ಆದರೆ ವೈಫೈ 6 ರೂಟರಿನಲ್ಲೂ 5 ಗಿಗಾಹರ್ಟ್ಸ್ ಇರುತ್ತದೆ. ಆರಿನೊಳಗೆ ಐದು! ಕನ್ನಡದಲ್ಲಿ ಬರೆಯುವಾಗ ಸುಮ್ನೆ ‘5ಜಿ’ ಅಂತ ಬಿಟ್ಟರೆ ಓದುವವರಿಗೆ ಅನ್ಯಾಯ. ‘ಐದನೇ ತಲೆಮಾರು’, ‘ಐದು ಗಿಗಾ’, ‘ಐದನೇ ಆವೃತ್ತಿ’ ಅಂತ ಬಿಡಿಸಿ ಬರೆಯಬೇಕು ಅಂತ ನನಗೆ ಅನಿಸುತ್ತದೆ.

ಈಗ ನನ್ನ ಮೊದಲ ಪದ, ಬ್ಯಾಂಡ್, ಅಂದರೆ ಹತ್ತಿರ ಹತ್ತಿರದ ಕಂಪನದ ಅಲೆಗಳ ಒಂದು ಗುಂಪು. ಡ್ಯುಯಲ್ ಬ್ಯಾಂಡ್ ರೂಟರ್ ಅಂದರೆ 2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ಕೆಲಸ ಮಾಡುವಂಥದ್ದು. ‘ಎರಡು ಪಟ್ಟಿ’ ಅಂತ ಮಾಡೋಣವೇ ಅಂದುಕೊಂಡೆ. ಅಕ್ಕನಿಗೆ ಕೇಳಿಸಿದ್ದು ‘ಎರಡು ಪಟ್ಟು’! ಸ್ಪೀಡು ಡಬಲ್ ಆಗುತ್ತೆ ಅಂದುಕೊಂಡಳು. ಇದು ಬರೀ ಕಿವಿಯ ತಪ್ಪಲ್ಲ. ಡಬ್ಬಿಯ ಮೇಲೂ ಎರಡನ್ನು ಕೂಡಿಸಿಯೇ ಅಚ್ಚು ಹಾಕಿರುತ್ತಾರೆ. ಎಸಿ 1200 ಅಂದರೆ ಒಂದು ಬ್ಯಾಂಡಿನಲ್ಲಿ 300 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅನ್ನುವ ಸ್ಪೀಡಿನ ಅಳತೆ), ಇನ್ನೊಂದರಲ್ಲಿ 867, ಕೂಡಿಸಿ ದುಂಡು ಮಾಡಿದ ಅಂಕಿ. ಫೋನು ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಬ್ಯಾಂಡಿನಲ್ಲಿರುತ್ತದೆ. ಲೈನಿನಲ್ಲಿ 100 ಎಂಬಿಪಿಎಸ್ ಬರುತ್ತಿದ್ದರೆ ನೆಟ್ಟಿನ ಸ್ಪೀಡು ಯಾವ ರೂಟರಿನಿಂದಲೂ ಅದಕ್ಕಿಂತ ಜಾಸ್ತಿ ಆಗುವುದಿಲ್ಲ. (‘ನೂರು ಎಂಬಿ ಸ್ಪೀಡು’ ಅನ್ನುತ್ತೇವಲ್ಲ, ಅಲ್ಲೂ ಒಂದು ಪದದ ತೊಂದರೆ ಇದೆ. ಅದು ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್. ಹಾಗಾಗಿ 100 ಎಂಬಿ ಫೈಲ್ ಇಳಿಯಲು ಕಡಿಮೆ ಅಂದರೂ 8 ಸೆಕೆಂಡ್ ಬೇಕು.)

ಕೊನೆಗೆ ಕೈ ಹಿಡಿದದ್ದು ಅಪ್ಪನ ಹಳೇ ರೇಡಿಯೋ. ಮೂರು ಬ್ಯಾಂಡಿನ ರೇಡಿಯೋ ಅದು. ತಿರುಪನ್ನು ಟಕ್ ಅಂತ ತಿರುಗಿಸಿದರೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಮೂರಿದ್ದರೂ ಕೇಳುತ್ತಿದ್ದದ್ದು ಒಂದೇ. “ಓ, ಆ ಬ್ಯಾಂಡಾ!” ಅಂದಳು ಅಕ್ಕ. ಅಲ್ಲಿಂದ ಮುಂದೆ ವಿವರಿಸುವುದೇ ಬೇಕಾಗಲಿಲ್ಲ.

ಎರಡನೆಯದು, ರೇಂಜ್ ಅಥವಾ ಕವರೇಜ್. ಆರಿಸುವಾಗ ನಿಜವಾಗಿ ಮುಖ್ಯ ಇದೇ. 2.4 ಗಿಗಾಹರ್ಟ್ಸ್ ಅಲೆ ದೂರ ಹೋಗುತ್ತದೆ, ಗೋಡೆಯನ್ನು ಚೆನ್ನಾಗಿ ತೂರುತ್ತದೆ, ಆದರೆ ಅಲ್ಲಿ ನೂಕುನುಗ್ಗಲು ಜಾಸ್ತಿ. ಅಕ್ಕಪಕ್ಕದವರ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆಯ ತರಲೆ, ಎಲ್ಲ ಅಲ್ಲೇ. 5 ಗಿಗಾಹರ್ಟ್ಸ್ ಅಲೆ ಹತ್ತಿರದಲ್ಲಿ ಜಾಸ್ತಿ ಡೇಟಾ ಹೊರುತ್ತದೆ, ಒಂದೆರಡು ಗೋಡೆ ಅಡ್ಡ ಬಂದರೆ ಸೋಲುತ್ತದೆ. ಇದನ್ನು ಹೇಳಲು ‘ವ್ಯಾಪ್ತಿ’ ಸಾಕಾಗಲಿಲ್ಲ. ‘ಹರವು’ ಅಂದರೆ ಎಷ್ಟು ಜಾಗಕ್ಕೆ ಹರಡಿದೆ ಅಂತ ಗೊತ್ತಾಗುತ್ತದೆ. ‘ಎಟುಕು’ ಅಂದರೆ ಎಲ್ಲಿವರೆಗೆ ಮುಟ್ಟುತ್ತದೆ ಅಂತ. ಆದರೆ ಗೋಡೆ ದಾಟುವ ಕಸುವು ಈ ಎರಡರಲ್ಲೂ ಇಲ್ಲ. ‘ತೂರು’ ಅದನ್ನು ಹೇಳುತ್ತದೆ, ಆದರೆ ಅದರಿಂದ ನಾಮಪದ ಕಟ್ಟಲು ಹೋದರೆ ‘ತೂರಿಕೆ’ ಆಗಿ, ಧಾನ್ಯ ತೂರುವುದರ ನೆನಪು ಬರುತ್ತದೆ.

ಹಾಗಾಗಿ ನನ್ನ ಎರಡು ಪ್ರಶ್ನೆ. ಬ್ಯಾಂಡ್ ಪದವನ್ನು ರೇಡಿಯೋ ಕಾಲದಿಂದಲೇ ನಮ್ಮದಾಗಿಸಿಕೊಂಡಿದ್ದೇವೆ, ಹಾಗೇ ಇಟ್ಟುಕೊಳ್ಳೋಣವೇ? ಅಥವಾ ‘ಪಟ್ಟು’ ಜೊತೆ ಕಲಸಿಹೋಗದ ಬೇರೆ ಪದ ನಿಮ್ಮ ಮನೆಮಾತಿನಲ್ಲಿ ಇದೆಯೇ? ಮತ್ತೆ, ಗೋಡೆ ದಾಟಿ ಒಳಗಿನ ಕೋಣೆಗೂ ಮುಟ್ಟುವುದನ್ನು ಒಂದೇ ಪದದಲ್ಲಿ ಏನನ್ನುತ್ತೀರಿ?